ನೆಲಮಾಳಿಗೆಯ ಇಪ್ಪತ್ತು ಮಂದಿ

1962ನೆಯ ಇಸವಿಯ ಏಪ್ರಿಲ್ 20, ಶುಭ ಶುಕ್ರವಾರ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮಾರ್ಷ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದಲ್ಲಿ ಅಂದಿನ ವಿಶೇಷ ಆರಾಧನೆ ನಡೆಯುತ್ತಿತ್ತು. ಮಂದಿರದ ಅಧಿಪತಿಗಳಾಗಿದ್ದ ಹೊವಾರ್ಡ್ ಥರ್ಮನ್ ಅವರು ಕರಿಯ ಜನಾಂಗದಲ್ಲಿ ಹುಟ್ಟಿ ತಮ್ಮ ವಾಗ್ಮಿತೆಯಿಂದ ದೇಶವಿಖ್ಯಾತರಾದವರು. ನಮ್ಮ ದೇಶಕ್ಕೆ ಬಂದು 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯವರೊಡನೆ ಅಹಿಂಸೆಯನ್ನು ಕುರಿತು ಸಂಭಾಷಿಸಿ ಹೋದವರು. ಅವರು ಮೇಲಿನ ಮಂದಿರದಲ್ಲಿ ಕ್ರಿಸ್ತನ ಮರಣವನ್ನು ಕುರಿತು ಉಪದೇಶಿಸುತ್ತಿದ್ದ ಮಾತುಗಳು ಧ್ವನಿವರ್ಧಕದ ಮೂಲಕ ಅದೇ ಕಟ್ಟಡದ ನೆಲಮಾಳಿಗೆಯ ಚಿಕ್ಕ ಪ್ರಾರ್ಥನಾಗೃಹಕ್ಕೂ ಇಳಿದು ಬರುತ್ತಿದ್ದವು. ಅಲ್ಲಿ ಆ ಮಾತುಗಳನ್ನು ಕೇಳುತ್ತ ಕುಳಿತಿದ್ದವರು, ಮುಂದೆ ಸಭಾಪಾಲಕರಾಗಬೇಕೆಂದು ಆಂಡೋವರ್ ನ್ಯೂಟನ್ ಎಂಬ ವಿದ್ಯಾಪೀಠದಲ್ಲಿ ದೈವಶಾಸ್ತ್ರವನ್ನು ಓದುತ್ತಿದ್ದ ಇಪ್ಪತ್ತು ಮಂದಿ ತರುಣರು.

ಆರಾಧನೆಗೆ ಒಂದೂವರೆ ಗಂಟೆ ಮೊದಲೇ ಪ್ರತಿಯೊಬ್ಬನೂ ಒಂದೊಂದು ಕ್ಯಾಪ್ಸೂಲನ್ನು ನುಂಗಿದ್ದನು. ಹತ್ತು ಕ್ಯಾಪ್ಸೂಲುಗಳಲ್ಲಿ 30 ಮಿಲಿಗ್ರಾಂ ಸೈಲೊಸೈಬಿನ್ ಇತ್ತು. ಉಳಿದ ಹತ್ತರಲ್ಲಿದ್ದುದು ನಿಕೋಟಿನಿಕ್ ಆಮ್ಲ, ಎಂದರೆ ಕೆಲವು ನಿಮಿಷ ಮುಖವನ್ನು ಕೆಂಪೇರಿಸಿ ಮೈಯನ್ನು ಬಿಸಿ ಮಾಡಿ ಅನಂತರ ಸುಮ್ಮನಾಗುವ ಒಂದು ಜೀವಸತ್ತ್ವ. ಯಾರ ಪಾಲಿಗೆ ಯಾವುದು ಬಂದಿತೆಂಬುದು ನುಂಗಿದವರಿಗೂ ತಿಳಿಯದು, ನೋಡಿಕೊಳ್ಳುವವರಿಗೂ ತಿಳಿಯದು. ಹಾಗೆ ಗುಟ್ಟಾಗಿಟ್ಟರೆ ಮಾತ್ರ ಫಲವು ಔಷಧದಿಂದ ಬಂದುದೋ, ನಿರೀಕ್ಷೆಯಿಂದ ಬಂದುದೋ ಎಂಬುದನ್ನು ಬೇರ್ಪಡಿಸಲಾಗುವುದೆಂಬುದು ವೈದ್ಯಶಾಸ್ತ್ರದ ನಿಯಮ. ಆದರೆ ಆ ಗುಟ್ಟು ಬಹಳ ಹೊತ್ತು ಉಳಿಯಲಿಲ್ಲ. ಮುಖ ಕೆಂಪೇರಿದವರು ಮೊದಲು ತಮಗೇ ನಿಜವಾದ ಮದ್ದು ಸಿಕ್ಕಿತೆಂದು ಹಿಗ್ಗಿದರು. ಸ್ವಲ್ಪ ಹೊತ್ತಿನಲ್ಲಿಯೇ ಒಬ್ಬನು ನೆಲದ ಮೇಲೆ ಚಾಚಿ ಮಲಗುವುದನ್ನೂ, ಮತ್ತೊಬ್ಬನು ಏನನ್ನೋ ಗುಣುಗುತ್ತ ಗೋಡೆಯಿಂದ ಗೋಡೆಗೆ ನಡೆದಾಡುವುದನ್ನೂ ಕಂಡು, ತಾವು ಬರಿಯ ಪ್ರೇಕ್ಷಕರೆಂಬುದನ್ನು ಅರಿತುಕೊಂಡರು. ಹೀಗೆ ಪರೀಕ್ಷೆ ಮುಗಿಯುವ ಮೊದಲೇ ಉತ್ತರ ಎಲ್ಲರಿಗೂ ತಿಳಿದುಹೋಗಿತ್ತು.

ಈ ಪ್ರಯೋಗವನ್ನು ಹೂಡಿದ ವಾಲ್ಟರ್ ಪಾಂಕೆ ಕೂಡ ವಿದ್ಯಾರ್ಥಿಯೇ ಎಂಬುದನ್ನು ಗಮನಿಸಬೇಕು. ವೈದ್ಯಪದವಿಯನ್ನೂ ಸಭಾಪಾಲಕದೀಕ್ಷೆಯನ್ನೂ ಪಡೆದಿದ್ದ ಆತನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪ್ರಬಂಧಕ್ಕಾಗಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದನು: ಅನುಭಾವಿಗಳು ಯುಗಯುಗಗಳಿಂದ ವರ್ಣಿಸುತ್ತ ಬಂದಿರುವ ಆ ಏಕತ್ವದ ಅನುಭವವು ಭಕ್ತಿಯ ವಾತಾವರಣದಲ್ಲಿ ಒಂದು ರಾಸಾಯನಿಕದಿಂದ ಉದಯಿಸಬಲ್ಲುದೇ? ಇಂತಹ ಪ್ರಶ್ನೆಯನ್ನು ಕೇಳುವುದಕ್ಕೆ ಧೈರ್ಯ ಬೇಕು, ಶ್ರದ್ಧೆಯೂ ಬೇಕು. ಆತನಲ್ಲಿ ಎರಡೂ ಇದ್ದುವೆಂದು ನಾನು ನಂಬುತ್ತೇನೆ. ಆದರೆ ಈ ಔಷಧಗಳ ಇತಿಹಾಸವನ್ನು ಓದುವಾಗಲೆಲ್ಲ ನನ್ನ ಮನಸ್ಸನ್ನು ಕಾಡುವುದು ಪ್ರಶ್ನೆ ಕೇಳಿದವನಿಗಿಂತ ಹೆಚ್ಚಾಗಿ, ಉತ್ತರವನ್ನು ತಮ್ಮ ಮೈಮನಸ್ಸುಗಳಲ್ಲಿ ಧರಿಸಿ ಮನೆಗೆ ಹೋದ ಆ ಇಪ್ಪತ್ತು ಮಂದಿ. ಸಂಶೋಧಕರು ಮಾತನಾಡಿದರು, ಪತ್ರಿಕೆಗಳು ಮಾತನಾಡಿದುವು, ಶಾಸನಸಭೆಗಳು ಮಾತನಾಡಿದುವು. ಯಾರ ದೇಹದಲ್ಲಿ ಪ್ರಯೋಗ ನಡೆಯಿತೋ, ಯಾರ ಹೆಸರು ಹೇಳಿ ನಿಷೇಧ ಬಂದಿತೋ ಆ ವಿದ್ಯಾರ್ಥಿಗೆ ಮಾತ್ರ ಮಾತನಾಡುವ ಸರದಿ ಎಲ್ಲರಿಗಿಂತ ಕಡೆಗೆ ಬಂದಿತು. ಬಂದಾಗ ಆತನು ಕೇಳಿದುದು ಮದ್ದನ್ನಲ್ಲ, ನಡೆದುದೆಲ್ಲವನ್ನೂ ಮುಚ್ಚಿಡದೆ ಹೇಳಿ ಎಂಬುದನ್ನು.

ಸೈಲೊಸೈಬಿನ್ ಆ ನೆಲಮಾಳಿಗೆಗೆ ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಮೆಕ್ಸಿಕೋ ದೇಶದ ವಾಹಾಕಾ ಪ್ರಾಂತದ ಬೆಟ್ಟದೂರಾದ ವಾವ್‌ಟ್ಲಾದಲ್ಲಿ ಮರಿಯಾ ಸಬೀನಾ ಎಂಬ ಮಸಾತೆಕ್ ಕುಲದ ಸ್ತ್ರೀ, ರೋಗಿಗಳ ಗುಣಕ್ಕಾಗಿ ರಾತ್ರಿಯೆಲ್ಲ ಹಾಡುತ್ತ, ಪವಿತ್ರವೆಂದು ಪರಂಪರೆಯಿಂದ ಬಂದ ಅಣಬೆಯನ್ನು ವಿನಿಯೋಗಿಸುತ್ತಿದ್ದಳು. 1955ರಲ್ಲಿ ಗಾರ್ಡನ್ ವಾಸನ್ ಎಂಬ ಬ್ಯಾಂಕು ಅಧಿಕಾರಿ ಆಕೆಯ ರಾತ್ರಿಪೂಜೆಯಲ್ಲಿ ಕುಳಿತು, 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅದನ್ನು ವರ್ಣಿಸಿದನು. ಲೇಖನದಲ್ಲಿ ಆಕೆಯ ಹೆಸರನ್ನು ಮರೆಮಾಚಿದ್ದರೂ ಜನ ಹುಡುಕಿಕೊಂಡು ಹೋದರು. ಊರಿನ ಶಾಂತಿ ಕೆಟ್ಟಿತು. ಆಕೆಯ ಮನೆಗೆ ಬೆಂಕಿಯಿಟ್ಟರು. ಅದೇ ಅಣಬೆಯಿಂದ 1958ರಲ್ಲಿ ಸೈಲೊಸೈಬಿನ್ನನ್ನು ಬೇರ್ಪಡಿಸಿದವನು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಯಾಂಡೋಜ಼್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್. ಹಿಂದೆ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿ, 1943ರ ಏಪ್ರಿಲಿನಲ್ಲಿ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲನ್ನು ತಾನೇ ಸೇವಿಸಿ ಅದರ ಶಕ್ತಿಯನ್ನು ಕಂಡುಕೊಂಡವನೂ ಆತನೇ. ಈ ದ್ರವ್ಯಗಳಿಗೆ ‘ಸೈಕೆಡೆಲಿಕ್’ ಎಂಬ ಹೆಸರನ್ನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯನು ಗ್ರೀಕ್ ಪದಗಳಿಂದ ಕಟ್ಟಿದನು. ಚಿತ್ತವನ್ನು ಪ್ರಕಟಪಡಿಸತಕ್ಕುದು ಎಂದು ಅದರ ಅರ್ಥ.

ವಿದ್ಯಾರ್ಥಿಯು ಈ ಕಥೆಯನ್ನು ಪ್ರವೇಶಿಸಿದುದು ಪ್ರಯೋಗಪಶುವಾಗಿ. ಆಸ್ಪತ್ರೆಗಳಿಗೂ ವಿಶ್ವವಿದ್ಯಾಲಯಗಳಿಗೂ ಆರೋಗ್ಯವಂತರಾದ, ಬಿಡುವುಳ್ಳ, ಸ್ವಲ್ಪ ಹಣಕ್ಕೆ ಒಪ್ಪಿಬರುವ ಜನ ಬೇಕಾಗಿದ್ದರು. ಅಂಥವರು ವಿದ್ಯಾರ್ಥಿಗಳಲ್ಲದೆ ಮತ್ತಾರು? ಸ್ಟಾನ್‌ಫರ್ಡಿನಲ್ಲಿ ಕಥಾರಚನೆಯನ್ನು ಕಲಿಯುತ್ತಿದ್ದ ಕೆನ್ ಕೀಸಿ, ಮುಂದೆ ಹೆಸರಾಂತ ಕಾದಂಬರಿಕಾರನಾದವನು, ಮೆನ್ಲೋ ಪಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೂಲಿಗೆ ಇಂತಹ ಮದ್ದುಗಳನ್ನು ಸೇವಿಸಿದನು. ಆ ಬಗೆಯ ಎಷ್ಟೋ ಪ್ರಯೋಗಗಳ ಹಿಂದೆ ಅಮೆರಿಕದ ಬೇಹುಗಾರಿಕೆಯ ಸಂಸ್ಥೆಯಾದ ಸಿಐಎಯ ಹಣವಿತ್ತೆಂಬುದು 1970ರ ದಶಕದ ಮಧ್ಯಭಾಗದಲ್ಲಿ ನಡೆದ ಸರಕಾರೀ ವಿಚಾರಣೆಗಳವರೆಗೆ ಲೋಕಕ್ಕೆ ತಿಳಿಯಲಿಲ್ಲ. ಲೋಟವನ್ನು ಕೈಗೆತ್ತಿಕೊಂಡ ಹುಡುಗನಿಗೆ ಲೋಟದಲ್ಲಿ ಏನಿದೆ ಎಂಬುದೂ ಸರಿಯಾಗಿ ತಿಳಿದಿರಲಿಲ್ಲ, ಅದನ್ನು ಕೊಡಿಸುತ್ತಿರುವವರು ಯಾರೆಂಬುದೂ ತಿಳಿದಿರಲಿಲ್ಲ.

ಹಾರ್ವರ್ಡಿನಲ್ಲಿ ನಡೆದುದು ಬೇರೆ ಬಗೆಯದು; ನನ್ನ ಅಭಿಪ್ರಾಯದಲ್ಲಿ ಹೆಚ್ಚು ಸೂಕ್ಷ್ಮವಾದುದು. 1959ರಲ್ಲಿ ಅಲ್ಲಿಗೆ ಮನಶ್ಶಾಸ್ತ್ರದ ಉಪನ್ಯಾಸಕನಾಗಿ ಬಂದ ಟಿಮೊಥಿ ಲಿಯರಿ, ಮರುವರ್ಷದ ಬೇಸಗೆಯಲ್ಲಿ ಮೆಕ್ಸಿಕೋದ ಕುವೆರ್ನವಾಕಾದಲ್ಲಿ ಅಣಬೆಯನ್ನು ತಿಂದು, ಹಿಂದಿರುಗುವಾಗ ಬೇರೆಯ ಮನುಷ್ಯನಾಗಿದ್ದನು. ಸಹೋದ್ಯೋಗಿಯಾದ ರಿಚರ್ಡ್ ಆಲ್ಪರ್ಟನನ್ನು ಜತೆಗೂಡಿಸಿಕೊಂಡು ಸೈಲೊಸೈಬಿನ್ ಸಂಶೋಧನೆಯನ್ನು ಪ್ರಾರಂಭಿಸಿದನು. ಸ್ಯಾಂಡೋಜ಼್ ಸಂಸ್ಥೆ ಮದ್ದನ್ನು ಒದಗಿಸಿತು. ಪದವಿ ತರಗತಿಯ ಹುಡುಗರನ್ನು ಮಾತ್ರ ಇದಕ್ಕೆ ಸೇರಿಸತಕ್ಕುದಲ್ಲವೆಂದು ವಿಶ್ವವಿದ್ಯಾಲಯ ಕಟ್ಟುಮಾಡಿತು. ಇಲ್ಲಿನ ವಿಶೇಷವೆಂದರೆ ಸಂಶೋಧಕರು ದೂರ ನಿಂತು ನೋಡುವವರಲ್ಲ, ವಿದ್ಯಾರ್ಥಿಗಳೊಡನೆ ತಾವೂ ಮದ್ದನ್ನು ಸೇವಿಸುತ್ತಿದ್ದವರು. ಆಸ್ಪತ್ರೆಯ ಬಿಳಿಯ ಗೋಡೆಗಳ ನಡುವೆ ಭಯವೇ ಹುಟ್ಟೀತು, ಮನೆಯ ಕೋಣೆಯಲ್ಲಿ ಮೆತ್ತೆಗಳ ಮೇಲೆ ಸಂಗೀತವನ್ನು ಕೇಳುತ್ತ ಕುಳಿತರೆ ಅನುಭವ ಸೌಮ್ಯವಾದೀತು ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯಾಂಶವಿದೆಯೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಆದರೆ ಗುರುವೇ ಪಂಕ್ತಿಯಲ್ಲಿ ಕುಳಿತು ಎಲೆಗೆ ಬಡಿಸಿದಾಗ ಬೇಡವೆನ್ನುವ ಶಿಷ್ಯನ ಸ್ಥಿತಿ ಏನು? ಬಹುಕಾಲ ಅಧ್ಯಾಪಕವೃತ್ತಿಯಲ್ಲಿ ಕಳೆದ ನನಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರು, ಉದ್ಯೋಗಕ್ಕೆ ಶಿಫಾರಸು ಪತ್ರ ಬರೆಯಬೇಕಾದವರು ಅವರು. ಅವರ ಮುಖದಲ್ಲಿ ಒಂದು ಗೆರೆ ಬದಲಾದರೆ ಶಿಷ್ಯನಿಗೆ ಆ ರಾತ್ರಿ ನಿದ್ರೆ ಬಾರದು. ಒತ್ತಾಯವಿಲ್ಲವೆಂದು ಗುರುಗಳು ಬಾಯಿಂದ ಹೇಳಬಹುದು, ಮನಸ್ಸಿನಿಂದಲೂ ಹಾಗೆಯೇ ಭಾವಿಸಿರಬಹುದು; ಆದರೆ ಒತ್ತಾಯವಿರುವುದು ಅವರ ಮಾತಿನಲ್ಲಲ್ಲ, ಅವರು ಕುಳಿತಿರುವ ಕುರ್ಚಿಯಲ್ಲಿ. ಹಾರ್ವರ್ಡಿನ ಆ ವಿಭಾಗದಲ್ಲಿ ಸಂಶೋಧನಾವಿದ್ಯಾರ್ಥಿಗಳು ಎರಡು ಪಂಗಡವಾದರು. ಸೇವಿಸಿದವರು ತಮಗೆ ಮಾತ್ರ ತಿಳಿದ ಒಂದು ಲೋಕದ ಭಾಷೆಯಲ್ಲಿ ಮಾತನಾಡತೊಡಗಿದರು; ಸೇವಿಸದವರು ತಾವು ಹಳಬರೋ ಹೇಡಿಗಳೋ ಎಂಬ ಸಂಕೋಚದಿಂದ ಕುಗ್ಗಿದರು. ಅವರಲ್ಲಿ ಕೆಲವರು ತಮ್ಮ ಕಳವಳವನ್ನು ಹರ್ಬರ್ಟ್ ಕೆಲ್ಮನ್ ಎಂಬ ಪ್ರಾಧ್ಯಾಪಕರಲ್ಲಿ ತೋಡಿಕೊಂಡರು. ಈ ವಿಷಯದಲ್ಲಿ ವಿದ್ಯಾರ್ಥಿಗಳ ಮೊದಲ ಅಭಿಪ್ರಾಯವೆಂದು ಯಾವುದನ್ನಾದರೂ ಹೇಳುವುದಾದರೆ ಅದು ಉತ್ಸಾಹಿಗಳ ಜಯಘೋಷವಲ್ಲ, ಬಾಗಿಲು ಹಾಕಿಕೊಂಡು ತಗ್ಗಿದ ದನಿಯಲ್ಲಿ ಹೇಳಿಕೊಂಡ ಈ ಕಳವಳ.

1962ರ ಮಾರ್ಚ್ 14ರಂದು ವಿಭಾಗದ ಸಭೆ ಸೇರಿತು. ಕೆಲ್ಮನ್ ಅವರೂ ಬ್ರೆಂಡನ್ ಮಾಹರ್ ಅವರೂ ಪ್ರಯೋಗದ ರೀತಿಯನ್ನು ಕಟುವಾಗಿ ಖಂಡಿಸಿದರು: ವೈದ್ಯರ ಮೇಲ್ವಿಚಾರಣೆ ಸಾಲದು, ಅಳತೆ ತೂಕದ ಶಿಸ್ತಿಲ್ಲ, ವಿದ್ಯಾರ್ಥಿಗಳ ನಡುವೆ ಪಂಥವೊಂದು ಬೆಳೆಯುತ್ತಿದೆ. ಸಭೆ ವಿಭಾಗದ ಒಳಮನೆಯ ಮಾತೆಂದು ಎಲ್ಲರೂ ಭಾವಿಸಿದ್ದರೂ ಒಬ್ಬ ವಿದ್ಯಾರ್ಥಿ ವರದಿಗಾರನು ಅಲ್ಲಿ ಕುಳಿತಿದ್ದನು. ಮಾರನೆಯ ದಿನ ವಿದ್ಯಾರ್ಥಿಗಳೇ ನಡೆಸುವ ‘ಹಾರ್ವರ್ಡ್ ಕ್ರಿಮ್ಸನ್’ ದಿನಪತ್ರಿಕೆಯಲ್ಲಿ ವಾದವಿವಾದವೆಲ್ಲ ಅಚ್ಚಾಗಿತ್ತು. ಅಲ್ಲಿಂದ ಬಾಸ್ಟನ್ನಿನ ಪತ್ರಿಕೆಗಳಿಗೆ, ಅಲ್ಲಿಂದ ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯಾಧಿಕಾರಿಗಳಿಗೆ ಸುದ್ದಿ ಮುಟ್ಟಿತು. ಮಾರ್ಷ್ ಚಾಪೆಲ್ಲಿನ ಪ್ರಯೋಗ ನಡೆದುದು ಈ ಗಲಭೆಯ ಬಿಸಿ ಆರುವ ಮುನ್ನ, ಐದು ವಾರಗಳ ತರುವಾಯ. ಪಾಂಕೆಯ ಪ್ರಯೋಗದ ಕ್ರಮಬದ್ಧತೆಗೆ, ಆ ಹತ್ತು ಹತ್ತರ ವಿಂಗಡಣೆಗೆ, ಈ ಟೀಕೆಗಳ ಒತ್ತಡವೂ ಒಂದು ಕಾರಣವಾಗಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ವರ್ಷ ಮೇ ತಿಂಗಳಿನಲ್ಲಿ ಹಾರ್ವರ್ಡ್ ಇಬ್ಬರನ್ನೂ ಹೊರಗೆ ಹಾಕಿತು: ಪಾಠಗಳಿಗೆ ಬಾರದೆ ಹೋದನೆಂದು ಲಿಯರಿಯನ್ನು, ಕೊಟ್ಟ ಮಾತನ್ನು ಮುರಿದು ಪದವಿ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಮದ್ದನ್ನು ಕೊಟ್ಟನೆಂದು ಆಲ್ಪರ್ಟನನ್ನು. ಎರಡನೆಯ ಸಂಗತಿಯನ್ನು ಬೆನ್ನಟ್ಟಿ ಬಯಲಿಗೆಳೆದವನು ‘ಕ್ರಿಮ್ಸನ್’ ಪತ್ರಿಕೆಯ ಆಂಡ್ರೂ ವೈಲ್ ಎಂಬ ವಿದ್ಯಾರ್ಥಿ. ಆತನು ತಾನೂ ಲಿಯರಿಯ ಪ್ರಯೋಗಕ್ಕೆ ಸೇರಬೇಕೆಂದು ಹೋಗಿ, ಪದವಿ ತರಗತಿಯ ವಿದ್ಯಾರ್ಥಿಯೆಂಬ ಕಾರಣದಿಂದ ತಿರಸ್ಕೃತನಾಗಿ, ಹೊರಗೆ ಬೇರೆ ಮಾರ್ಗದಿಂದ ಮೆಸ್ಕಲಿನ್ ತರಿಸಿ ಸೇವಿಸಿದ್ದವನು. ಮುಂದೆ ವೈದ್ಯನಾಗಿ ಚಿತ್ತದ ಭಿನ್ನಾವಸ್ಥೆಗಳನ್ನು ಸಮರ್ಥಿಸಿ ಪುಸ್ತಕ ಬರೆದನು. ಎಷ್ಟೋ ವರ್ಷಗಳ ಮೇಲೆ ಆಲ್ಪರ್ಟನಲ್ಲಿ ಕ್ಷಮೆಯನ್ನೂ ಬೇಡಿದನು. ಆಲ್ಪರ್ಟನಾದರೋ ಅಷ್ಟರೊಳಗೆ 1967ರಲ್ಲಿ ಹಿಮಾಲಯದ ತಪ್ಪಲಿಗೆ ಬಂದು, ನೀಮ್ ಕರೋಲಿ ಬಾಬಾ ಅವರ ಶಿಷ್ಯನಾಗಿ ರಾಮದಾಸನೆಂಬ ಹೆಸರನ್ನು ಪಡೆದಿದ್ದನು. ವೈಲನ ಉದ್ದೇಶದಲ್ಲಿ ಅಸೂಯೆಯ ಛಾಯೆಯಿತ್ತೆಂದು ಹೇಳುವವರುಂಟು. ಇದ್ದಿರಬಹುದು, ಆದರೂ ಆತನು ಬರೆದ ಸಂಗತಿ ನಿಜವಾಗಿತ್ತು, ಅದನ್ನು ಹೇಳಬೇಕಾದ ಹಿರಿಯರು ಹೇಳದೆ ಇದ್ದಾಗ ಹುಡುಗನೊಬ್ಬನು ಹೇಳಿದನು ಎಂಬುದನ್ನು ನಾವು ಮರೆಯತಕ್ಕುದಲ್ಲ.

ಅನಂತರದ ಕಥೆ ಬೇಗ ಬೇಗ ನಡೆಯಿತು. ವಿಶ್ವವಿದ್ಯಾಲಯದ ಕಟ್ಟುಪಾಡಿನಿಂದ ಬಿಡಿಸಿಕೊಂಡ ಲಿಯರಿ ಬಹಿರಂಗವಾಗಿ ತರುಣರನ್ನು ಈ ಮಾರ್ಗಕ್ಕೆ ಆಹ್ವಾನಿಸಿದನು. ಪ್ರಯೋಗಶಾಲೆಯ ಮದ್ದು ಬೀದಿಗೆ ಬಂದಿತು. ಶಕ್ತಿಯನ್ನೂ ಪ್ರಮಾಣವನ್ನೂ ಅರಿಯದೆ ಸೇವಿಸಿ ದಿಗ್ಭ್ರಾಂತರಾದ ಎಳೆಯರು ಆಸ್ಪತ್ರೆಗಳಿಗೆ ಬಂದರು. ಎಳೆಯ ಮಗ ಮತಿಗೆಟ್ಟಂತೆ ಅಳುವುದನ್ನು ಕಂಡ ತಾಯಿಯ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. 1966ರಲ್ಲಿ ಸ್ಯಾಂಡೋಜ಼್ ಎಲ್‌ಎಸ್‌ಡಿಯ ಸರಬರಾಜನ್ನು ಅಮೆರಿಕದಲ್ಲಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದಲ್ಲಿ ನಿಷೇಧ ಜಾರಿಗೆ ಬಂದಿತು. ಆ ವರ್ಷ ಸೆನೆಟ್ ವಿಚಾರಣೆಯಲ್ಲಿ ರಾಬರ್ಟ್ ಕೆನಡಿ ಅಧಿಕಾರಿಗಳನ್ನು ನೇರವಾಗಿ ಪ್ರಶ್ನಿಸಿದರು: ಕೆಲವು ತಿಂಗಳ ಹಿಂದೆ ಉಪಯುಕ್ತವೆನಿಸಿದ್ದ ಸಂಶೋಧನೆ ಇಂದು ನಿರುಪಯುಕ್ತವಾದುದು ಹೇಗೆ? ತೃಪ್ತಿಕರವಾದ ಉತ್ತರ ಬರಲಿಲ್ಲ. 1970ರ ಕಾನೂನು ಈ ದ್ರವ್ಯಗಳನ್ನೆಲ್ಲ ಮೊದಲನೆಯ ಪಟ್ಟಿಗೆ, ಎಂದರೆ ವೈದ್ಯಕೀಯ ಪ್ರಯೋಜನವೇ ಇಲ್ಲದ ಅಪಾಯಕರ ವಸ್ತುಗಳ ಪಟ್ಟಿಗೆ ಸೇರಿಸಿತು. 1971ರಲ್ಲಿ ವಿಯೆನ್ನಾದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆ ಅದನ್ನು ಲೋಕಕ್ಕೆಲ್ಲ ವಿಸ್ತರಿಸಿತು.

ಆ ಒಡಂಬಡಿಕೆಯ ಕೈ ನಮ್ಮಲ್ಲಿಗೂ ಚಾಚಿದೆ. ಭಾರತದ 1985ರ ಮಾದಕದ್ರವ್ಯಗಳ ಕಾನೂನು ಎಲ್‌ಎಸ್‌ಡಿಯನ್ನೂ ಸೈಲೊಸೈಬಿನ್ನನ್ನೂ ಒಳಗೊಂಡಿರುವುದಲ್ಲದೆ, ಸೇವಿಸಿದವನನ್ನೂ ಶಿಕ್ಷಾರ್ಹನೆಂದು ಎಣಿಸುತ್ತದೆ. ರಜೆಯಲ್ಲಿ ಕೊಡೈಕೆನಾಲಿನ ಬೆಟ್ಟಕ್ಕೆ ಹೋಗಿ ಅಲ್ಲಿನ ಅಣಬೆಯ ಮಾತನ್ನು ಕೇಳಿಕೊಂಡು ಬರುವ ಬೆಂಗಳೂರಿನ ಕಾಲೇಜು ತರುಣರಿಗೆ ಈ ಕಾನೂನಿನ ಅರಿವು ಎಷ್ಟಿದೆಯೋ, ಮನೆಯಲ್ಲಿ ಕಾಯುವ ತಂದೆತಾಯಿಗಳಿಗೆ ಗಾಂಜಾ, ಅಫೀಮು, ಅಣಬೆಗಳ ನಡುವಣ ವ್ಯತ್ಯಾಸ ಎಷ್ಟು ತಿಳಿದಿದೆಯೋ! ಎಲ್ಲವನ್ನೂ ‘ಡ್ರಗ್ಸ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ಮನೆಯಲ್ಲಿ ಮಗನು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಉಳಿಯುತ್ತಾನೆ.

ಪಾಂಕೆ 1971ರಲ್ಲಿ ಸಮುದ್ರದಲ್ಲಿ ಮುಳುಗುಗಾರಿಕೆಗೆ ಇಳಿದು ಅಕಾಲಮೃತ್ಯುವಿಗೆ ತುತ್ತಾದನು. ಆತನ ಪ್ರಬಂಧ ಮಾತ್ರ ಉಳಿಯಿತು. ಸೈಲೊಸೈಬಿನ್ ಪಡೆದವರಲ್ಲಿ ಹೆಚ್ಚಿನವರು ಅನುಭಾವದ ಲಕ್ಷಣಗಳನ್ನು ಸ್ಪಷ್ಟವಾಗಿ ವರ್ಣಿಸಿದರು, ಪಡೆಯದವರು ವರ್ಣಿಸಲಿಲ್ಲ ಎಂಬುದು ಅದರ ಸಾರ. ಈ ಔಷಧಗಳ ಪರವಾಗಿ ಮಾತನಾಡಿದವರೆಲ್ಲ ಇಪ್ಪತ್ತೈದು ವರ್ಷಗಳ ಕಾಲ ಅದನ್ನು ಶಾಸ್ತ್ರವಾಕ್ಯದಂತೆ ಉದಾಹರಿಸಿದರು. ಆಗ ಮತ್ತೊಬ್ಬ ವಿದ್ಯಾರ್ಥಿ ಬಂದನು. ಫ್ಲಾರಿಡಾದ ನ್ಯೂ ಕಾಲೇಜಿನಲ್ಲಿ 1971ರಲ್ಲಿಯೇ ಸೇರಿ, ನಡುವೆ ಓದನ್ನು ಬಿಟ್ಟು, ವರ್ಷಗಳ ಮೇಲೆ ಮರಳಿ ಬಂದಿದ್ದ ರಿಕ್ ಡಾಬ್ಲಿನ್ ಎಂಬಾತನು, ತನ್ನ ಪದವಿಯ ಪ್ರಬಂಧಕ್ಕೆ ಆ ಇಪ್ಪತ್ತು ಮಂದಿಯನ್ನು ಹುಡುಕಿ ಮಾತನಾಡಿಸುವ ಕೆಲಸವನ್ನು ಆರಿಸಿಕೊಂಡನು.

ಕೆಲಸ ಸುಲಭದ್ದಾಗಿರಲಿಲ್ಲ. ಅವರ ಹೆಸರುಗಳು ಪ್ರಕಟವಾಗಿರಲಿಲ್ಲ. ಹೆಸರು ಬಲ್ಲ ಪಾಂಕೆ ಇರಲಿಲ್ಲ. ವಿದ್ಯಾಪೀಠದ ಹಳೆಯ ವಿದ್ಯಾರ್ಥಿಗಳ ಜಾಡನ್ನು ಹಿಡಿದು, ಒಬ್ಬನಿಂದ ಇನ್ನೊಬ್ಬನ ಸುಳಿವನ್ನು ಪಡೆದು, ವರ್ಷಗಳ ಕಾಲ ಅಲೆದು, ಕಡೆಗೆ ಹದಿನಾರು ಮಂದಿಯನ್ನು ಸಂದರ್ಶಿಸಿದನು. ಅವರಲ್ಲಿ ಏಳು ಮಂದಿ ಸೈಲೊಸೈಬಿನ್ ಪಡೆದವರು, ಒಂಬತ್ತು ಮಂದಿ ಪಡೆಯದವರು. ತರುಣರಾಗಿದ್ದವರು ಈಗ ನಡುವಯಸ್ಸನ್ನು ದಾಟುತ್ತಿದ್ದರು. ಪಡೆಯದವರಲ್ಲಿ ಹೆಚ್ಚಿನವರಿಗೆ ಆ ಶುಕ್ರವಾರ ಮಸುಕುಮಸುಕಾಗಿತ್ತು. ಪಡೆದವರಿಗಾದರೋ ಅದು ನಿನ್ನೆಯ ದಿನದಂತಿತ್ತು. ಅವರು ಬಹುಮಟ್ಟಿಗೆ ಅದನ್ನು ತಮ್ಮ ಧರ್ಮಜೀವನದ ಉನ್ನತ ಘಟ್ಟಗಳಲ್ಲಿ ಒಂದೆಂದು, ಕಾಲು ಶತಮಾನ ಕಳೆದ ಮೇಲೂ, ಎಣಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಡಾಬ್ಲಿನ್ನನ ಪ್ರಬಂಧ ಹಿಂದಿನ ಪ್ರಬಂಧದ ಪ್ರತಿಧ್ವನಿಯಾಗುತ್ತಿತ್ತು. ಆದರೆ ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ಅಂದಿನ ಅನುಭವ ಬರಿಯ ಆನಂದವಾಗಿರಲಿಲ್ಲ. ಅವರಲ್ಲಿ ಹಲವರು ತಾವು ಸಾಯುತ್ತಿದ್ದೇವೆ, ಇಲ್ಲವೆ ಹುಚ್ಚರಾಗುತ್ತಿದ್ದೇವೆ ಎಂಬ ಭಯದೊಡನೆ ಹೋರಾಡಿದ್ದರು. ಒಬ್ಬನಿಗೆ ತನ್ನ ಸುತ್ತಲೂ ಚಕ್ರದ ಅರಗಳಂತೆ ಹರಡಿದ ಬಣ್ಣದ ಪಟ್ಟಿಗಳು ಕಂಡವು. ಒಂದೊಂದು ಪಟ್ಟಿಯೂ ತಾನು ಹಿಡಿಯಬಹುದಾದ ಒಂದೊಂದು ಬಾಳಿನ ದಾರಿ, ಯಾವುದಾದರೊಂದನ್ನು ಹಿಡಿಯಲೇಬೇಕು, ಹಿಡಿಯಲಾರದೆ ಆತನು ನಡುವೆಯೇ ಸಿಕ್ಕಿಕೊಂಡು, ಕರುಳನ್ನು ಕಿತ್ತಂತಹ ಯಾತನೆಯಲ್ಲಿ ಸತ್ತನು, ಎಂದರೆ ಸತ್ತೆನೆಂದು ನಿಶ್ಚಯವಾಗಿ ತಿಳಿದನು. ಆ ಸಾವಿನಿಂದ ಹೊರಬಂದವನು ಸಭಾಪಾಲಕನಾಗಿ ಬಾಳಿದನು. ಈ ಯಾತನೆಯನ್ನು ಬಿಟ್ಟು ಆನಂದವನ್ನು ಮಾತ್ರ ಹೇಳಿದರೆ ಆತನ ಬಾಳನ್ನು ಹೇಳಿದಂತಾಗುವುದೇ?

ಇದಕ್ಕಿಂತ ಗುರುತರವಾದ ಸಂಗತಿ ಮತ್ತೊಬ್ಬನದು. ಆರಾಧನೆಯ ನಡುವೆ ಆತನಿಗೆ, ಶಾಂತಿಯ ಯುಗವೊಂದು ಆರಂಭವಾಗಿದೆ, ಅದನ್ನು ಲೋಕಕ್ಕೆ ಸಾರಲು ದೇವರು ತನ್ನನ್ನೇ ಆರಿಸಿದ್ದಾನೆ ಎಂದು ತೋರಿತು. ಎದ್ದು, ಮೆಟ್ಟಿಲೇರಿ, ಬಾಗಿಲು ತೆರೆದು, ಮೋಟಾರುಗಳು ಹರಿಯುವ ಕಾಮನ್‌ವೆಲ್ತ್ ಅವೆನ್ಯೂವಿಗೆ ಓಡಿದನು. ಪ್ರಯೋಗದಲ್ಲಿ ಮಾರ್ಗದರ್ಶಿಯಾಗಿದ್ದವರಲ್ಲಿ ಒಬ್ಬರು ಹ್ಯೂಸ್ಟನ್ ಸ್ಮಿತ್. ರಾಮಕೃಷ್ಣ ಪರಂಪರೆಯ ಸ್ವಾಮಿ ಸತ್ಪ್ರಕಾಶಾನಂದರಲ್ಲಿ ವೇದಾಂತವನ್ನು ಓದಿ ಜಗತ್ತಿನ ಧರ್ಮಗಳನ್ನು ಕುರಿತು ಗ್ರಂಥ ರಚಿಸಿದ ವಿದ್ವಾಂಸರು. ಮಾರ್ಗದರ್ಶಿಗಳಲ್ಲಿ ಅರ್ಧ ಮಂದಿಗೆ ಅರ್ಧ ಪ್ರಮಾಣದ ಸೈಲೊಸೈಬಿನ್ ಕೊಡಲಾಗಿತ್ತು, ಸ್ಮಿತ್ ಅವರೂ ಆ ಅರ್ಧದಲ್ಲಿದ್ದರು. ತಮಗೇ ಲೋಕ ಬೇರೆಯಾಗಿ ಕಾಣುತ್ತಿದ್ದ ಆ ಹೊತ್ತಿನಲ್ಲಿ ಅವರೂ ಪಾಂಕೆಯೂ ಹಿಂದೆ ಓಡಿ ತರುಣನನ್ನು ಹಿಡಿದು ತಂದರು. ಸಮಾಧಾನ ಹೇಳಿದರೆ ಕೇಳಲಿಲ್ಲ. ಕಡೆಗೆ ಥೊರಜ಼ೀನ್ ಎಂಬ, ಚಿತ್ತವಿಕಾರವನ್ನು ಅಡಗಿಸುವ ಮದ್ದನ್ನು ಸೂಜಿಯಿಂದ ಚುಚ್ಚಿ ಮಲಗಿಸಬೇಕಾಯಿತು.

ಪಾಂಕೆಯ ಪ್ರಬಂಧದಲ್ಲಿ ಈ ಸೂಜಿಮದ್ದಿನ ಪ್ರಸ್ತಾಪವಿಲ್ಲ. ಏಕೆ ಬಿಟ್ಟನು? ಹಾರ್ವರ್ಡಿನ ಗಲಭೆಯ ನಡುವೆ ಹೀಗೊಂದು ಸಂಗತಿ ಹೊರಬಿದ್ದರೆ ಸಂಶೋಧನೆಯೇ ಮುಚ್ಚಿಹೋದೀತೆಂಬ ಅಂಜಿಕೆ ಇದ್ದಿರಬೇಕು. ಆ ಅಂಜಿಕೆಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಅದನ್ನು ಒಪ್ಪಲಾರೆ. ಸತ್ಯವನ್ನು ಮುಚ್ಚಿ ಉಳಿಸಿದ ಸಂಶೋಧನೆ ಹೇಗೂ ಉಳಿಯಲಿಲ್ಲ, ಮದ್ದು ನಿರಪಾಯಕರವೆಂದು ನಂಬಿ ಬೀದಿಯಲ್ಲಿ ಕೊಂಡು ನುಂಗಿದ ಹುಡುಗರಿಗೆ ಎಚ್ಚರಿಕೆಯೂ ಸಿಗಲಿಲ್ಲ. ಡಾಬ್ಲಿನ್ ಈ ಮದ್ದುಗಳ ಪರವಾದವನು. ಓದುತ್ತಿರುವಾಗಲೇ 1986ರಲ್ಲಿ ಅವುಗಳ ಸಂಶೋಧನೆಗೆಂದು ಸಂಸ್ಥೆಯೊಂದನ್ನು ಕಟ್ಟಿದವನು. ಆದರೂ ತನ್ನ ಪಕ್ಷಕ್ಕೆ ಹಾನಿಯಾಗಬಹುದಾದ ಈ ಸಂಗತಿಯನ್ನು ಅಡಗಿಸದೆ, 1991ರಲ್ಲಿ ಪ್ರಕಟವಾದ ಲೇಖನದಲ್ಲಿ ಬಿಡಿಸಿ ಬರೆದು, ಪಾಂಕೆ ಕಷ್ಟದ ಕ್ಷಣಗಳಿಗೆ ಸಲ್ಲಬೇಕಾದ ಸ್ಥಳವನ್ನು ಕೊಡಲಿಲ್ಲವೆಂದು ತೀರ್ಪಿತ್ತನು. ಈ ಕ್ಷೇತ್ರದಲ್ಲಿ ವಿದ್ಯಾರ್ಥಿಯೊಬ್ಬನು ಮಾಡಿದ ಅತ್ಯಂತ ಬೆಲೆಯುಳ್ಳ ಕಾರ್ಯ ಇದೆಂದು ನನಗೆ ತೋರುತ್ತದೆ.

ಕಾನೂನಿನ ವಿಷಯದಲ್ಲಿ ವಿದ್ಯಾರ್ಥಿಗಳು ಸಂಘವಾಗಿ ಎದ್ದುದು ಇನ್ನೂ ಏಳು ವರ್ಷಗಳ ಮೇಲೆ. 1998ರಲ್ಲಿ ಅಮೆರಿಕದ ಉನ್ನತ ಶಿಕ್ಷಣದ ಕಾನೂನಿಗೆ ಮಾಡಿದ ತಿದ್ದುಪಡಿಯೊಂದು, ಮಾದಕದ್ರವ್ಯದ ಅಪರಾಧಕ್ಕೆ ಶಿಕ್ಷೆಗೊಳಗಾದ ವಿದ್ಯಾರ್ಥಿಗೆ ಸರಕಾರದ ಧನಸಹಾಯವನ್ನು ತಡೆಹಿಡಿಯಿತು. ಕೊಲೆ ಮಾಡಿ ಶಿಕ್ಷೆ ಅನುಭವಿಸಿ ಬಂದವನಿಗೆ ಈ ತಡೆಯಿಲ್ಲ. ಜೇಬಿನಲ್ಲಿ ಒಂದು ಚಿಟಿಕೆ ಗಾಂಜಾ ಸಿಕ್ಕಿದವನಿಗುಂಟು. ಸಿರಿವಂತರ ಮಗನು ಕೈಯಿಂದ ಶುಲ್ಕ ತೆತ್ತು ಓದನ್ನು ಮುಂದುವರಿಸುವನು, ಬಡ ಹುಡುಗನು ಮೂಟೆ ಕಟ್ಟಿಕೊಂಡು ಊರಿಗೆ ಹೊರಡುವನು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ತಾಂತ್ರಿಕ ವಿದ್ಯಾಲಯದಲ್ಲಿ ಮೊದಲುಗೊಂಡು ಹಲವು ಕಾಲೇಜುಗಳಿಗೆ ಹಬ್ಬಿದ, ವಿವೇಕಯುತ ಮಾದಕದ್ರವ್ಯನೀತಿಗಾಗಿ ವಿದ್ಯಾರ್ಥಿಗಳು ಎಂಬರ್ಥದ ಹೆಸರಿನ ಸಂಘವು ಈ ಅನ್ಯಾಯವನ್ನು ಹಿಡಿದು ಹೋರಾಡಿತು. ಮದ್ದನ್ನು ಸೇವಿಸಿ ಎಂದು ಅವರು ಯಾರಿಗೂ ಹೇಳಲಿಲ್ಲ. ಶಿಕ್ಷೆ ತಪ್ಪಿಗಿಂತ ದೊಡ್ಡದಾಗಬಾರದು, ಗೆಳೆಯನು ಪ್ರಜ್ಞೆ ತಪ್ಪಿ ಬಿದ್ದಾಗ ಆಂಬ್ಯುಲೆನ್ಸ್ ಕರೆಯಲು ಹುಡುಗನೊಬ್ಬನು ಪೋಲೀಸರಿಗೆ ಹೆದರುವಂತಾಗಬಾರದು ಎಂದು ಕೇಳಿದರು. 2006ರಲ್ಲಿ ಆ ತಿದ್ದುಪಡಿ ಸಡಿಲವಾಯಿತು. ಪೂರ್ತಿಯಾಗಿ ತೆಗೆದುಹಾಕುವ ಕಾನೂನು 2020ರ ಡಿಸೆಂಬರಿನಲ್ಲಿ ಅಂಗೀಕೃತವಾಯಿತು. ಇಪ್ಪತ್ತೆರಡು ವರ್ಷ, ಸಂಘವನ್ನು ಕಟ್ಟಿದವರ ಮಕ್ಕಳು ಕಾಲೇಜಿಗೆ ಹೋಗುವ ಕಾಲ.

ಅದೇ 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಅವರ ಸಂಗಡಿಗರು, 36 ಮಂದಿ ಸ್ವಯಂಸೇವಕರ ಮೇಲೆ ನಡೆಸಿದ ಸೈಲೊಸೈಬಿನ್ ಪ್ರಯೋಗವನ್ನು ಪ್ರಕಟಿಸಿದರು. ಪಾಂಕೆಯ ಪ್ರಶ್ನೆಯೇ ಅವರದೂ. ಆದರೆ ಭಯಗೊಂಡವರ ಸಂಖ್ಯೆಯನ್ನೂ ಅವರು ಮರೆಮಾಚದೆ ಬರೆದರು. ಅನಂತರ ಬಾಗಿಲುಗಳು ಒಂದೊಂದಾಗಿ ತೆರೆದುವು. 2020ರಲ್ಲಿ ಆರೆಗಾನ್ ರಾಜ್ಯದ ಮತದಾರರು ಮೇಲ್ವಿಚಾರಣೆಯೊಡನೆ ಸೈಲೊಸೈಬಿನ್ ಸೇವನೆಗೆ ಒಪ್ಪಿಗೆಯಿತ್ತರು. 2022ರಲ್ಲಿ ಕೊಲೊರಾಡೋ ಹಿಂಬಾಲಿಸಿತು. 2023ರಲ್ಲಿ ಹಾರ್ವರ್ಡ್ ತಾನೇ, ಲಿಯರಿ ಆಲ್ಪರ್ಟರನ್ನು ಹೊರಗೆ ಹಾಕಿ ಅರವತ್ತು ವರ್ಷ ತುಂಬಿದ ಸಮಯದಲ್ಲಿ, ಈ ದ್ರವ್ಯಗಳಿಗೂ ಸಮಾಜ ಸಂಸ್ಕೃತಿಗಳಿಗೂ ಇರುವ ಸಂಬಂಧದ ಅಧ್ಯಯನಕ್ಕೆ 1 ಕೋಟಿ 60 ಲಕ್ಷ ಡಾಲರುಗಳ ದಾನವನ್ನು ಸ್ವೀಕರಿಸಿತು. ಇಂದಿನ ವಿದ್ಯಾರ್ಥಿಯು ನೆಲಮಾಳಿಗೆಗೆ ಇಳಿಯಬೇಕಾಗಿಲ್ಲ, ತರಗತಿಯಲ್ಲಿ ಕುಳಿತು ಈ ವಿಷಯವನ್ನು ಓದಬಲ್ಲನು.

ಡಾಬ್ಲಿನ್ ಕಟ್ಟಿದ ಸಂಸ್ಥೆ ಬೆಳೆಯಿತು. ಯುದ್ಧದ, ಅತ್ಯಾಚಾರದ ಆಘಾತದಿಂದ ನರಳುವವರಿಗೆ ಎಂಡಿಎಂಎ ಎಂಬ ಮದ್ದಿನೊಡನೆ ಕೊಡುವ ಚಿಕಿತ್ಸೆಯನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅದರಿಂದ ಹುಟ್ಟಿದ ಕಂಪನಿಯು ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳ ಮುಂದೆ ಅರ್ಜಿಯನ್ನಿಟ್ಟಿತು. 2024ರ ಜೂನಿನಲ್ಲಿ ಸಲಹಾಮಂಡಲಿಯ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ, ಅಪಾಯವನ್ನು ಮೀರಿಸುವ ಪ್ರಯೋಜನ ಸಿದ್ಧವಾಗಿಲ್ಲವೆಂದು ಮತವಿತ್ತರು. ಆಗಸ್ಟಿನಲ್ಲಿ ಅನುಮತಿ ನಿರಾಕೃತವಾಯಿತು. ಎತ್ತಿದ ಆಕ್ಷೇಪಗಳಲ್ಲಿ ಮುಖ್ಯವಾದುವು ಎರಡು. ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಎಂಬುದು ರೋಗಿಗಳಿಗೂ ಚಿಕಿತ್ಸಕರಿಗೂ ಬೇಗನೆ ತಿಳಿದುಹೋಗುತ್ತಿತ್ತು. ಮದ್ದಿನಿಂದಾದ ಪರಿಣಾಮಗಳೆಲ್ಲ ದಾಖಲೆಗೆ ಸೇರಿರಲಿಲ್ಲ. ಪ್ರಯೋಗದಲ್ಲಿ ಪಾಲುಗೊಂಡ ಕೆಲವರು ತಮಗಾದ ಕೇಡು ಎಣಿಕೆಗೆ ಬರಲಿಲ್ಲವೆಂದು ತಾವೇ ಹೇಳಿಕೊಂಡರು. ಈ ಸುದ್ದಿಯನ್ನು ಓದಿದ ದಿನ ನಾನು ಡಾಬ್ಲಿನ್ನನ 1991ರ ಲೇಖನವನ್ನು ಮತ್ತೆ ತೆಗೆದು ನೋಡಿದೆನು.

ಅದರಲ್ಲಿ ಓಡಿದ ತರುಣನ ಹೆಸರಿಲ್ಲ. ಮೆಟ್ಟಿಲನ್ನೇರಿ ಬೀದಿಗೆ ಹೋದುದೂ, ಹಿಡಿದು ತಂದುದೂ, ತೋಳಿಗೆ ಚುಚ್ಚಿದ ಸೂಜಿಯೂ ಇದೆ.